ಚಳಿಗೆ ಸ್ಟಾರ್ಟ್ ಆಗದ ಹಳೇ ಡೀಸೆಲ್ ಕಾರು: ದೋಷ ಎಲ್ಲಿದೆ ಅಂತ ಹುಡುಕುವುದು ಹೇಗೆ?

ಧನುರ್ಮಾಸ ಬಂತೆಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಗೌರಿಬಿದನೂರು ಕಡೆ ಬೆಳಗಿನ ಜಾವ ಹಳೇ ಡೀಸೆಲ್ ಗಾಡಿಗಳ ಸದ್ದು ಬೀದಿಗೆಲ್ಲ ಕೇಳಿಸುತ್ತದೆ. ಹೂವಿನ ಮಾರ್ಕೆಟ್ಟಿಗೆ ಹೊರಟವರು, ರೇಷ್ಮೆಗೂಡು ತುಂಬಿಕೊಂಡು ನಿಂತವರು, ಏರ್‌ಪೋರ್ಟಿಗೆ ಬಾಡಿಗೆ ಹಿಡಿದವರು, ಎಲ್ಲರೂ ಆ ಹೊತ್ತಿಗೇ ಸೆಲ್ಫ್ ಹೊಡೆಯಬೇಕು. ಗಾಡಿ ಹತ್ತಿಕೊಳ್ಳದಿದ್ದರೆ ಆ ದಿನದ ದುಡಿಮೆಯೇ ಹೋಯಿತು. ಇಂಡಿಕಾ, ಸುಮೋ, ಕ್ವಾಲಿಸ್, ಮೊದಲ ತಲೆಮಾರಿನ ಡೀಸೆಲ್ ಸ್ವಿಫ್ಟ್ ಇಟ್ಟುಕೊಂಡವರಿಗೆ ಈ ಬರಹ.

ಮೊದಲು ಒಂದು ಮಾತು ಮನಸ್ಸಿನಲ್ಲಿರಲಿ. ನಮ್ಮ ಕಡೆ ಮಾಗಿ ಚಳಿಯಲ್ಲಿ ಬೆಳಗಿನ ಜಾವ 12–14 ಡಿಗ್ರಿಗೆ ಇಳಿಯುವುದು ಮಾಮೂಲು. ನಂದಿ ಬೆಟ್ಟದ ಕೆಳಗಿನ ಹಳ್ಳಿಗಳಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಚಳಿ ಅನಿಸುತ್ತದೆ. ನಮಗೆ ನಡುಕ ಬರಬಹುದು, ಆದರೆ ಡೀಸೆಲ್ ಇಂಜಿನ್ನಿಗೆ ಇದು ಚಳಿಯೇ ಅಲ್ಲ. ಇದೇ ಗಾಡಿಗಳು ಹಿಮಾಚಲದಲ್ಲಿ ಸೊನ್ನೆ ಡಿಗ್ರಿಗಿಂತ ಕೆಳಗೂ ಸ್ಟಾರ್ಟ್ ಆಗುತ್ತವೆ. ಹಾಗಾಗಿ ನಿಮ್ಮ ಗಾಡಿ ಚಿಕ್ಕಬಳ್ಳಾಪುರದ ಚಳಿಗೆ ಮುಷ್ಕರ ಹೂಡುತ್ತಿದ್ದರೆ ಎಲ್ಲೋ ಒಂದು ಕಡೆ ದೋಷ ಇದ್ದೇ ಇದೆ. "ಹಳೇ ಗಾಡಿ ಅಲ್ವಾ, ಚಳಿಗೆ ಹಾಗೇ" ಅಂತ ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಡಿ.

ಎರಡನೆಯದು, ಈ ದೋಷ ಕಾಣಿಸುವುದು ಬೆಳಗಿನ ಜಾವ ಮಾತ್ರ. ಗಾಡಿಯನ್ನು ಹೇಗೋ ಸ್ಟಾರ್ಟ್ ಮಾಡಿ ಹನ್ನೊಂದು ಗಂಟೆಗೆ ಗ್ಯಾರೇಜಿಗೆ ತೆಗೆದುಕೊಂಡು ಹೋಗುವಷ್ಟರಲ್ಲಿ ಇಂಜಿನ್ ಬಿಸಿಯಾಗಿರುತ್ತದೆ. ಮೆಕ್ಯಾನಿಕ್ ಕೀ ತಿರುಗಿಸಿದ ಕೂಡಲೇ ಹತ್ತಿಕೊಳ್ಳುತ್ತದೆ. ಅವನಿಗೆ ನೋಡಲು ಏನೂ ಸಿಗುವುದಿಲ್ಲ, ಊಹೆ ಮೇಲೆ ಒಂದೊಂದೇ ಸಾಮಾನು ಬದಲಾಯಿಸುತ್ತಾ ಹೋಗುತ್ತಾನೆ. ನಮ್ಮ ಪಕ್ಕದ ಬೀದಿಯವರ ಸುಮೋಗೆ ಹೀಗೇ ಆಯಿತು. ಡೀಸೆಲ್ ಪಂಪ್ ಬಿಚ್ಚಿ ಕೆಲಸ ಮಾಡಿಸಬೇಕು ಅಂತ ಒಂದು ಕಡೆ ಹೇಳಿದ್ದರು. ಕೊನೆಗೆ ಸಿಕ್ಕಿದ್ದು ಇಂಜಿನ್ನಿನೊಳಗೆ ಡೀಸೆಲ್ ಚಿಮ್ಮುವ ಇಂಜೆಕ್ಟರ್ ಮೇಲಿನ ಒಂದು ಗೇಣು ಉದ್ದದ ಬಿರುಕು ಬಿಟ್ಟ ರಬ್ಬರ್ ಪೈಪು. ಅದಕ್ಕೇ ಅರ್ಧ ತಪಾಸಣೆಯನ್ನು ಗಾಡಿಯ ಮಾಲೀಕರೇ ಮನೆ ಮುಂದೆ ಮಾಡಬೇಕು ಅಂತ ನಾನು ಹೇಳುವುದು.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಒತ್ತಿದಾಗ ಆ ಗಾಳಿ ಕಾಯುತ್ತದೆ. ಆ ಕಾವಿಗೇ ಡೀಸೆಲ್ ಹತ್ತಿಕೊಳ್ಳಬೇಕು. ಇಂಡಿಕಾದಂಥ ಹಳೇ ಇಂಜಿನ್ನುಗಳು ಗಾಳಿಯನ್ನು ಇಪ್ಪತ್ತು ಪಟ್ಟಿಗಿಂತ ಜಾಸ್ತಿ ಒತ್ತುತ್ತವೆ. ಇಂಜಿನ್ ತಣ್ಣಗಿದ್ದಾಗ ಆ ಕಾವನ್ನು ಸುತ್ತಲಿನ ಕಬ್ಬಿಣವೇ ಎಳೆದುಕೊಂಡುಬಿಡುತ್ತದೆ. ಸೆಲ್ಫ್ ನಿಧಾನ ಆದರೆ ಕಾವು ಇನ್ನೂ ಕಡಿಮೆ. ಆದ್ದರಿಂದ ನಾವು ನೋಡಬೇಕಾದ್ದು ನಾಲ್ಕೇ: ಇಂಜಿನ್ ಜೋರಾಗಿ ತಿರುಗುತ್ತಿದೆಯಾ, ಸ್ಟಾರ್ಟ್ ಆಗಲು ಒಳಗೆ ಕಾವು ಕೊಡುವ ಹೀಟರ್ ಪ್ಲಗ್ ಕಾಯುತ್ತಿದೆಯಾ, ಡೀಸೆಲ್ ಹೊತ್ತಿಗೆ ಸರಿಯಾಗಿ ಬರುತ್ತಿದೆಯಾ, ಒತ್ತಡ ಸಾಕಷ್ಟು ಇದೆಯಾ. ಈ ಕ್ರಮದಲ್ಲೇ ಹೋಗಿ. ಖರ್ಚು ಕಡಿಮೆ ಇರುವುದು ಮೊದಲು, ಜಾಸ್ತಿ ಇರುವುದು ಕೊನೆಗೆ.

ಹಂತ 1: ಏನೂ ಬಿಚ್ಚಬೇಡಿ, ಸುಮ್ನೆ ನೋಡಿ

ರಾತ್ರಿ ಗಾಡಿ ನಿಲ್ಲಿಸಿ, ಕನಿಷ್ಠ ಎಂಟು ಗಂಟೆ ಮುಟ್ಟಬೇಡಿ. ಬೆಳಗ್ಗೆ ಮನೆಯವರೊಬ್ಬರನ್ನು ಮೊಬೈಲ್ ಕೊಟ್ಟು ಗಾಡಿ ಹಿಂದೆ ನಿಲ್ಲಿಸಿ. ಸೈಲೆನ್ಸರ್ ಪೈಪ್ ಕಾಣುವ ಹಾಗೆ, ಸೆಲ್ಫ್ ಸದ್ದು ಕೇಳುವ ಹಾಗೆ ವಿಡಿಯೋ ಮಾಡಲಿ. ನೀವು ಕೀ ಆನ್ ಮಾಡಿ, ಹಳದಿ ಬಣ್ಣದ ಸ್ಪ್ರಿಂಗ್ ಚಿತ್ರದ ಲೈಟ್ ಬರುತ್ತದೆಯಾ ನೋಡಿ. ಆರುವವರೆಗೆ ಕಾಯಿರಿ. ಆಮೇಲೆ ಸೆಲ್ಫ್ ಹೊಡೆಯಿರಿ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಬೇಡ. ಮಧ್ಯೆ ಒಂದೆರಡು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟರ್ ಸುಡುತ್ತದೆ.

ಈಗ ಹೊಗೆ ನೋಡಿ. ಹಳೇ ಮೇಸ್ತ್ರಿಗಳು ಮೊದಲು ನೋಡುತ್ತಿದ್ದದ್ದೇ ಇದನ್ನು.

ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಆದರೆ ಸೈಲೆನ್ಸರಿನಲ್ಲಿ ಹೊಗೆಯೇ ಇಲ್ಲ. ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಹೀಟರ್ ಪ್ಲಗ್ ತಂಟೆಗೆ ಹೋಗಬೇಡಿ, ನೇರವಾಗಿ ಹಂತ 4ಕ್ಕೆ ಹೋಗಿ.

ಬಿಳಿ ಅಥವಾ ಬೂದು ಬಣ್ಣದ ಹೊಗೆ ಬರುತ್ತಿದೆ, ಕಣ್ಣು ಉರಿಯುತ್ತದೆ, ಹಸಿ ಡೀಸೆಲ್ ವಾಸನೆ ಇದೆ. ಡೀಸೆಲ್ ಹೋಗುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಮೊದಲ ಅನುಮಾನ ಹೀಟರ್ ಪ್ಲಗ್ ಮೇಲೆ. ಆಮೇಲೆ ಟೈಮಿಂಗ್ (ಡೀಸೆಲ್ ಚಿಮ್ಮುವ ಹೊತ್ತು), ಕಂಪ್ರೆಷನ್ (ಗಾಳಿಯ ಒತ್ತಡ).

ಇಲ್ಲಿ ಒಂದು ಎಚ್ಚರಿಕೆ. ಚಳಿಯಲ್ಲಿ ಎಲ್ಲ ಗಾಡಿಯೂ ಸ್ಟಾರ್ಟ್ ಆದ ಮೇಲೆ ಸ್ವಲ್ಪ ಬಿಳಿ ಆವಿ ಬಿಡುತ್ತದೆ. ಅದು ನೀರಿನ ಆವಿ, ವಾಸನೆ ಇರುವುದಿಲ್ಲ, ಗಾಳಿಯಲ್ಲಿ ಬೇಗ ಕರಗುತ್ತದೆ. ಅದಕ್ಕೆ ಹೆದರಬೇಡಿ. ಆದರೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೂ ಬಿಳಿ ಆವಿ ಬರುತ್ತಿದ್ದು, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ.

ಸೆಲ್ಫ್ ಎಳೆದೆಳೆದು ತಿರುಗುತ್ತಿದೆ, ಮೀಟರ್ ಲೈಟುಗಳು ಮಂಕಾಗುತ್ತಿವೆ. ಹೊಗೆ ಯಾವ ಬಣ್ಣವೇ ಇರಲಿ, ಹಂತ 2 ಮುಗಿಸದೆ ಮುಂದೆ ಹೋಗಬೇಡಿ.

ಗಾಡಿ ಸ್ಟಾರ್ಟ್ ಆದ ಮೇಲೆ ಏನಾಯಿತು ಅನ್ನುವುದನ್ನೂ ಗಮನಿಸಿ. ಸ್ಟಾರ್ಟ್ ಆಗಿ ಅರ್ಧ ನಿಮಿಷ ಗಡಗಡ ನಡುಗಿ, ಬಿಳಿ ಹೊಗೆ ಬಿಟ್ಟು ಆಮೇಲೆ ಸರಿಹೋದರೆ ಒಂದೋ ಎರಡೋ ಹೀಟರ್ ಪ್ಲಗ್ ಹೋಗಿದೆ ಅಂತ ಅನುಮಾನಿಸಿ. ಕೂಡಲೇ ಸ್ಟಾರ್ಟ್ ಆಗಿ, ಕೆಲವು ಸೆಕೆಂಡಿನಲ್ಲಿ ಆರಿ, ಮತ್ತೆ ತುಂಬ ಹೊತ್ತು ಸೆಲ್ಫ್ ಹೊಡೆದ ಮೇಲೆ ಹತ್ತಿಕೊಂಡರೆ ಅದು ಹೆಚ್ಚು ಕಡಿಮೆ ಏರ್ ಹಿಡಿದ ಗಾಡಿ. ಪಂಪಿನಲ್ಲಿ ಉಳಿದಿದ್ದ ಚೂರು ಡೀಸೆಲ್ ಸುಟ್ಟು ಮುಗಿದಿರುತ್ತದೆ, ಹಿಂದೆ ಬರುವುದು ಬರೀ ಗಾಳಿ.

ಹಂತ 2: ಬ್ಯಾಟರಿ, ಟರ್ಮಿನಲ್, ಅರ್ತ್ ವೈರ್

ಡೀಸೆಲ್ ಇಂಜಿನ್ ತಿರುಗಿಸಲು ಪೆಟ್ರೋಲ್ ಗಾಡಿಗಿಂತ ತುಂಬ ಜಾಸ್ತಿ ಶಕ್ತಿ ಬೇಕು. ಮಧ್ಯಾಹ್ನ ಸರಿಯಾಗಿ ಸೆಲ್ಫ್ ಎತ್ತುವ ಬ್ಯಾಟರಿ ಬೆಳಗಿನ ಜಾವ ಕೈಕೊಡಬಹುದು. ಚಳಿಯಲ್ಲಿ ಬ್ಯಾಟರಿಯ ಶಕ್ತಿ ಇಳಿಯುತ್ತದೆ, ಅದೇ ಹೊತ್ತಿಗೆ ಇಂಜಿನ್ ಆಯಿಲ್ ಮಂದವಾಗಿ ಸೆಲ್ಫಿಗೆ ಭಾರ ಏರುತ್ತದೆ.

ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಬೆಳಗ್ಗೆ ಕೀ ಮುಟ್ಟುವ ಮೊದಲೇ ಬ್ಯಾಟರಿಯ ಎರಡೂ ಕಡ್ಡಿಗಳ ಮೇಲೆ ಇಟ್ಟು ನೋಡಿ. 12.6 ವೋಲ್ಟ್ ಆಸುಪಾಸು ಇದ್ದರೆ ತುಂಬಿದೆ. 12.2 ಅಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಹಾಕಿಸದೆ ಬೇರೆ ಯಾವ ಪರೀಕ್ಷೆ ಮಾಡಿಯೂ ಪ್ರಯೋಜನ ಇಲ್ಲ. ಆಮೇಲೆ ಮೀಟರ್ ಹಾಗೇ ಇರಲಿ, ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ತಿರುಗುವಾಗ 9.6 ವೋಲ್ಟಿಗಿಂತ ಕೆಳಗೆ ಬಿದ್ದರೆ ಬ್ಯಾಟರಿ ಸೋತಿದೆ, ಅಥವಾ ಸೆಲ್ಫ್ ಮೋಟರ್ ಅತಿಯಾಗಿ ಕರೆಂಟ್ ಎಳೆಯುತ್ತಿದೆ. ಗಾಡಿ ಸ್ಟಾರ್ಟ್ ಆದ ಮೇಲೆ 13.8ರಿಂದ 14.4ರ ಒಳಗೆ ಬರಬೇಕು. ಬರದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಹೊಸ ಬ್ಯಾಟರಿ ತಂದರೂ ಒಂದು ವಾರದಲ್ಲಿ ಅದೇ ಕಥೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ನಿಧಾನವಾಗಿದ್ದರೆ ಟರ್ಮಿನಲ್ ನೋಡಿ. ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿ ನೀರಿಗೆ ಅಡುಗೆ ಸೋಡಾ ಹಾಕಿ ತೊಳೆಯಿರಿ, ಉಪ್ಪುಕಾಗದದಲ್ಲಿ ಉಜ್ಜಿ ಹೊಳೆಯುವ ಹಾಗೆ ಮಾಡಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಹಚ್ಚಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ.

ಇನ್ನೊಂದು ಜಾಗವನ್ನು ಬಹಳ ಜನ ಮರೆಯುತ್ತಾರೆ, ಇಂಜಿನ್ನಿನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿ. ಹೆಣೆದ ತಾಮ್ರದ ಪಟ್ಟಿ ಅದು, ಹಳೇ ಗಾಡಿಗಳಲ್ಲಿ ಎಳೆ ಎಳೆಯಾಗಿ ತುಂಡಾಗಿರುತ್ತದೆ. ಪರೀಕ್ಷೆ ಸುಲಭ. ಒಂದು ಜಂಪರ್ ಕೇಬಲ್ಲಿನ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಇಂಜಿನ್ನಿನ ಬರಿ ಕಬ್ಬಿಣಕ್ಕೆ ಕಚ್ಚಿಸಿ, ಬೆಲ್ಟಿನಿಂದ ದೂರ ಇರಲಿ. ಈಗ ಸೆಲ್ಫ್ ಜೋರಾಗಿ ತಿರುಗಿದರೆ ತಪ್ಪು ಅರ್ತಿನದು. ಕೆಲವು ನೂರು ರೂಪಾಯಿಯ ಕೆಲಸ.

ಹಂತ 3: ಹೀಟರ್ ಪ್ಲಗ್

ಚಳಿಯಲ್ಲಿ ಮಾತ್ರ ತೊಂದರೆ, ಬಿಸಿಯಾದ ಮೇಲೆ ಕೀ ಮುಟ್ಟಿದರೆ ಸ್ಟಾರ್ಟ್, ತಿರುಗುವಾಗ ಬಿಳಿ ಹೊಗೆ. ಈ ಮೂರೂ ಒಟ್ಟಿಗೆ ಇದ್ದರೆ ಕಾರಣ ಹೆಚ್ಚಾಗಿ ಇಲ್ಲೇ ಇರುತ್ತದೆ. ಮೇಸ್ತ್ರಿಗಳು ಹೀಟರ್ ಪ್ಲಗ್ ಅಂತಲೂ ಗ್ಲೋ ಪ್ಲಗ್ ಅಂತಲೂ ಕರೆಯುತ್ತಾರೆ. ಇಂಡಿಕಾ, ಕ್ವಾಲಿಸ್, ಹಳೇ ಸುಮೋಗಳಲ್ಲಿ ಡೀಸೆಲ್ ಮೊದಲು ಒಂದು ಚಿಕ್ಕ ಕೋಣೆಗೆ ಚಿಮ್ಮುತ್ತದೆ. ಪ್ಲಗ್ಗಿನ ತುದಿ ಆ ಕೋಣೆಯ ಒಳಗೆ ಕೆಂಪಗೆ ಕಾದಿರಬೇಕು. ಕೆಲವು ಜೀಪುಗಳ ನೇರ ಇಂಜೆಕ್ಷನ್ ಇಂಜಿನ್ನುಗಳಲ್ಲಿ ಹೀಟರ್ ಪ್ಲಗ್ಗೇ ಇರುವುದಿಲ್ಲ, ಅಂಥವರು ಈ ಹಂತ ಬಿಟ್ಟು ಮುಂದೆ ಹೋಗಿ.

ಮೀಟರಿನಲ್ಲಿ ಲೈಟ್ ಬಂತು ಅಂದ ಮಾತ್ರಕ್ಕೆ ಪ್ಲಗ್ ಕಾಯುತ್ತಿದೆ ಅಂತ ಅರ್ಥ ಅಲ್ಲ. ಹಳೇ ಗಾಡಿಗಳಲ್ಲಿ ಆ ಲೈಟ್ ಟೈಮರ್ ಹೇಳಿದಂತೆ ಉರಿದು ಆರುತ್ತದೆ, ನಾಲ್ಕೂ ಪ್ಲಗ್ ಸತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ.

ಮೊದಲು ಕರೆಂಟ್ ಬರುತ್ತಿದೆಯಾ ನೋಡಿ. ಇಂಜಿನ್ ತಣ್ಣಗಿರಲೇಬೇಕು, ಬಿಸಿ ಇದ್ದರೆ ಹಲವು ಗಾಡಿಗಳಲ್ಲಿ ರಿಲೇ ಕರೆಂಟ್ ಕೊಡುವುದೇ ಇಲ್ಲ. ನಾಲ್ಕೂ ಪ್ಲಗ್ಗುಗಳ ತಲೆಗಳನ್ನು ಸೇರಿಸುವ ತಗಡಿನ ಪಟ್ಟಿ ಇರುತ್ತದೆ. ಮಲ್ಟಿಮೀಟರಿನ ಕೆಂಪು ಕಡ್ಡಿ ಆ ಪಟ್ಟಿಗೆ, ಕಪ್ಪು ಇಂಜಿನ್ ಕಬ್ಬಿಣಕ್ಕೆ. ಇನ್ನೊಬ್ಬರು ಕೀ ಆನ್ ಮಾಡಲಿ. 11 ವೋಲ್ಟಿನ ಆಸುಪಾಸು ಬರಬೇಕು, ಕೆಲವು ಸೆಕೆಂಡ್ ನಿಲ್ಲಬೇಕು. ಏನೂ ಬರದಿದ್ದರೆ ಪ್ಲಗ್ ಬಿಚ್ಚುವ ಕೆಲಸವೇ ಇಲ್ಲ. ರಿಲೇ, ಅದರ ದೊಡ್ಡ ಫ್ಯೂಸ್, ಅಲ್ಲಿಂದ ಬರುವ ದಪ್ಪ ವೈರ್ ನೋಡಿಸಿ. ನಾಲ್ಕು ಪ್ಲಗ್ ಸೇರಿ 40ರಿಂದ 60 ಆಂಪಿಯರ್ ಎಳೆಯುತ್ತವೆ, ಹಾಗಾಗಿ ಆ ಫ್ಯೂಸಿನ ಜಾಗದಲ್ಲಿ ಲೂಸ್ ಇದ್ದರೆ ಪ್ಲಾಸ್ಟಿಕ್ ಕರಗಿ ಕಪ್ಪಾಗಿರುತ್ತದೆ, ಕಣ್ಣಿಗೇ ಕಾಣುತ್ತದೆ.

ಕರೆಂಟ್ ಬರುತ್ತಿದೆ ಅಂದರೆ ಈಗ ಒಂದೊಂದೇ ಪ್ಲಗ್. ಇದಕ್ಕೆ ಒಂದು ಇಂಡಿಕೇಟರ್ ಬಲ್ಬು ಬೇಕು, 12 ವೋಲ್ಟ್ 21 ವ್ಯಾಟಿನದು. ಅದಕ್ಕೆ ಎರಡು ವೈರ್ ಬೆಸುಗೆ ಹಾಕಿಸಿಕೊಳ್ಳಿ. ಕೀ ಆಫ್ ಮಾಡಿ. ಆ ತಗಡಿನ ಪಟ್ಟಿಯ ನಾಲ್ಕೂ ನಟ್ ಬಿಚ್ಚಿ ಪಟ್ಟಿ ಹೊರಗೆ ತೆಗೆಯಿರಿ. 8 ಮಿಲಿಮೀಟರಿನ ಚಿಕ್ಕ ನಟ್ಟುಗಳೇ ಜಾಸ್ತಿ, ಕೆಳಗೆ ಬಿದ್ದರೆ ಸಿಗುವುದಿಲ್ಲ, ಕೆಳಗೊಂದು ಬಟ್ಟೆ ಹಾಸಿಕೊಳ್ಳಿ. ಪಟ್ಟಿ ತೆಗೆಯದೆ ಪರೀಕ್ಷೆ ಮಾಡಿದರೆ ನಾಲ್ಕೂ ಒಂದಕ್ಕೊಂದು ಸೇರಿಕೊಂಡೇ ಇರುತ್ತವೆ, ಒಂದು ಚೆನ್ನಾಗಿದ್ದರೂ ನಾಲ್ಕೂ ಚೆನ್ನಾಗಿರುವ ಹಾಗೆ ತೋರಿಸುತ್ತದೆ. ಈಗ ಬಲ್ಬಿನ ಒಂದು ವೈರ್ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ವೈರ್ ಪ್ಲಗ್ಗಿನ ತಲೆಗೆ ತಾಗಿಸಿ. ಬಲ್ಬ್ ಚೆನ್ನಾಗಿ ಉರಿದರೆ ಒಳಗಿನ ತಂತಿ ತುಂಡಾಗಿಲ್ಲ. ಉರಿಯದಿದ್ದರೆ ಆ ಪ್ಲಗ್ ಸತ್ತಿದೆ.

ಮಲ್ಟಿಮೀಟರ್ ಇದ್ದರೆ ಓಮ್ ಇಟ್ಟೂ ನೋಡಬಹುದು. ಮೊದಲು ಮೀಟರಿನ ಎರಡು ಕಡ್ಡಿಗಳನ್ನು ಒಂದಕ್ಕೊಂದು ತಾಗಿಸಿ, ಬಂದ ಅಂಕಿಯನ್ನು ಆಮೇಲೆ ಕಳೆಯಿರಿ. ಒಳ್ಳೆ ಪ್ಲಗ್ ಸಾಮಾನ್ಯವಾಗಿ ಅರ್ಧ ಓಮ್‌ನಿಂದ ಎರಡು ಓಮ್ ಒಳಗೆ ತೋರಿಸುತ್ತದೆ. ನಾಲ್ಕರಲ್ಲಿ ಒಂದು ಬೇರೆಯವಕ್ಕಿಂತ ತುಂಬ ಜಾಸ್ತಿ ತೋರಿಸಿದರೆ ಅದರ ಮೇಲೆ ಅನುಮಾನ ಇರಲಿ. ಬಲ್ಬ್ ಪರೀಕ್ಷೆಯಲ್ಲಿ ಪಾಸಾದ ಪ್ಲಗ್ಗೂ ತುದಿ ಸರಿಯಾಗಿ ಕಾಯದೇ ಇರಬಹುದು, ಅದನ್ನು ಹೊರಗೆ ತೆಗೆದೇ ನೋಡಬೇಕು.

ಹೊರಗೆ ತೆಗೆಯುವ ಕೆಲಸಕ್ಕೆ ಅವಸರ ಬೇಡ. ವರ್ಷಗಟ್ಟಲೆ ಕೂತ ಪ್ಲಗ್ ಮಸಿ ಹಿಡಿದು ಹೆಡ್ಡಿಗೆ ಕಚ್ಚಿಕೊಂಡಿರುತ್ತದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಆಯಿಲ್ ಬುಡಕ್ಕೆ ಬಿಡಿ, ಇಂಜಿನ್ ಬಿಸಿ ಇದ್ದಾಗ ಚಿಕ್ಕ ಹಿಡಿಯ ಪಾನಾದಲ್ಲಿ ಸ್ವಲ್ಪ ಬಿಚ್ಚಿ, ಸ್ವಲ್ಪ ಬಿಗಿ ಮಾಡಿ, ಹೀಗೇ ಹಿಂದೆ ಮುಂದೆ ಆಡಿಸುತ್ತಾ ತೆಗೆಯಿರಿ. ಬಲವಂತ ಮಾಡಿ ಪ್ಲಗ್ ಒಳಗೇ ಮುರಿದರೆ ಹೆಡ್ ಇಳಿಸುವವರೆಗೂ ಹೋಗಬಹುದು. ಬಿಗಿ ಅನಿಸಿದರೆ ಅಲ್ಲಿಗೇ ನಿಲ್ಲಿಸಿ, ಅನುಭವ ಇರುವವರಿಗೆ ಕೊಡಿ.

ಹೊರಗೆ ಬಂದ ಪ್ಲಗ್ಗನ್ನು ಇಕ್ಕಳದಲ್ಲಿ ಹಿಡಿದು, ಜಂಪರ್ ಕೇಬಲ್ಲಿನಿಂದ ಕರೆಂಟ್ ಕೊಟ್ಟರೆ ತುದಿ ಕೆಲವು ಸೆಕೆಂಡಿನಲ್ಲಿ ಕೆಂಪಾಗಬೇಕು. ತುದಿಯೇ ಮೊದಲು ಕೆಂಪಾಗಬೇಕು. ಮಧ್ಯದ ಭಾಗ ಕೆಂಪಾಗಿ ತುದಿ ಕಪ್ಪಗೇ ಉಳಿದರೆ ಆ ಪ್ಲಗ್ ಮುಗಿದಿದೆ. ಬರಿಗೈಯಲ್ಲಿ ಹಿಡಿಯಲೇಬೇಡಿ. ಕಿಡಿ ಹಾರುವುದರಿಂದ ಬ್ಯಾಟರಿ ಪಕ್ಕದಲ್ಲೇ ಈ ಕೆಲಸ ಬೇಡ. ಇದನ್ನು ಮಾಡುವ ಮೊದಲು ಪ್ಲಗ್ ಮೈಮೇಲೆ ಬರೆದ ವೋಲ್ಟ್ ಓದಿ. ಹಳೇ ಗಾಡಿಗಳದ್ದು 11 ಅಥವಾ 12 ವೋಲ್ಟ್. ಕೆಲವು ಹೊಸ ಕಾಲದ ಇಂಜಿನ್ನುಗಳ ಪ್ಲಗ್ ನಾಲ್ಕೈದು ವೋಲ್ಟಿನದು, ಅದಕ್ಕೆ ನೇರವಾಗಿ 12 ಕೊಟ್ಟರೆ ಅಲ್ಲೇ ಸುಟ್ಟುಹೋಗುತ್ತದೆ.

ಒಂದು ಹೋಗಿದ್ದರೆ ನಾಲ್ಕನ್ನೂ ಬದಲಾಯಿಸಿ. ನಾಲ್ಕಕ್ಕೂ ಒಂದೇ ವಯಸ್ಸು, ಉಳಿದವೂ ಅದೇ ಚಳಿಗಾಲದಲ್ಲಿ ಹೋಗುತ್ತವೆ. ಹಾಕುವಾಗ ಕೈಯಲ್ಲೇ ಕೂರುವಷ್ಟು ತಿರುಗಿಸಿ, ಆಮೇಲೆ ಹದವಾಗಿ ಬಿಗಿ ಮಾಡಿ.

ಈ ಹಂತದಲ್ಲೇ ಒಂದು ಅಪಾಯದ ಅಭ್ಯಾಸದ ಬಗ್ಗೆ ಹೇಳಬೇಕು. ಗಾಡಿ ಹತ್ತದಿದ್ದರೆ ಏರ್ ಫಿಲ್ಟರ್ ಬಿಚ್ಚಿ, ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆ ಹಿಡಿಯುವುದು, ಈಥರ್ ಸ್ಪ್ರೇ ಹೊಡೆಯುವುದು ನಮ್ಮ ಕಡೆ ಉಂಟು. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಇದನ್ನು ಯಾವತ್ತೂ ಮಾಡಬೇಡಿ. ಕಾದ ಪ್ಲಗ್ಗಿಗೆ ಆ ಆವಿ ತಾಗಿದರೆ ಹೊತ್ತಿಗೆ ಮುಂಚೆಯೇ ಸಿಡಿಯುತ್ತದೆ. ರಿಂಗ್ ಮುರಿಯಬಹುದು, ಪಿಸ್ಟನ್ ಒಡೆಯಬಹುದು, ಮುಂದೆ ನಿಂತವರ ಮುಖ ಸುಡಬಹುದು. ಟ್ಯಾಂಕ್ ಕೆಳಗೆ, ಆಯಿಲ್ ಚೇಂಬರ್ ಕೆಳಗೆ ಬೆಂಕಿ ಹಾಕುವುದೂ ಅಷ್ಟೇ. ಡೀಸೆಲ್ ಮೇಣದ ಹಾಗೆ ಕಟ್ಟುವಷ್ಟು ಚಳಿ ನಮ್ಮ ಜಿಲ್ಲೆಯಲ್ಲಿ ಬೀಳುವುದಿಲ್ಲ, ಅದು ಲಡಾಖ್ ಕಡೆಯವರ ಕಷ್ಟ. ತಳ್ಳಿ ಸ್ಟಾರ್ಟ್ ಮಾಡುವುದು ಹಳೇ ಪಂಪಿನ ಗಾಡಿಗೆ ನಡೆಯುತ್ತದೆ, ಆದರೆ ಟೈಮಿಂಗ್ ಬೆಲ್ಟ್ ಹಳೆಯದಾಗಿದ್ದರೆ ಆ ಜರ್ಕಿಗೆ ಹಲ್ಲು ಹಾರಬಹುದು. ದಿನಾ ಮಾಡುವ ಮಾತಲ್ಲ.

ಹಂತ 4: ರಾತ್ರಿ ಇಳಿದುಹೋಗುವ ಡೀಸೆಲ್

ಟ್ಯಾಂಕ್ ಹಿಂದೆ, ಕೆಳಗೆ ಇರುತ್ತದೆ. ಪಂಪ್ ಮುಂದೆ, ಮೇಲೆ. ರಾತ್ರಿಯೆಲ್ಲ ಡೀಸೆಲ್ ಪೈಪಿನಲ್ಲಿ ನಿಂತಿರುವುದು ಒಳಗೆ ಗಾಳಿ ಹೋಗಲು ದಾರಿ ಇಲ್ಲದ ಕಾರಣಕ್ಕೆ. ಎಲ್ಲೋ ಒಂದು ಕೂದಲೆಳೆ ಬಿರುಕು ಇದ್ದರೆ ಅಲ್ಲಿಂದ ಗಾಳಿ ನುಗ್ಗಿ ಡೀಸೆಲ್ ಮೆಲ್ಲಗೆ ಹಿಂದಕ್ಕೆ ಟ್ಯಾಂಕಿಗೆ ಇಳಿಯುತ್ತದೆ. ಬೆಳಗ್ಗೆ ಪಂಪ್ ಎಳೆಯುವುದು ಗಾಳಿಯನ್ನು. ಹಗಲು ಅರ್ಧ ಗಂಟೆ ನಿಲ್ಲಿಸಿದರೆ ಅಷ್ಟು ಇಳಿಯುವುದಿಲ್ಲ, ಅದಕ್ಕೇ ತೊಂದರೆ ಬೆಳಗ್ಗೆ ಮಾತ್ರ. ಜನ ಇದನ್ನು ಚಳಿಯ ತೊಂದರೆ ಅಂದುಕೊಳ್ಳುತ್ತಾರೆ, ಆದರೆ ಏಪ್ರಿಲ್‌ನಲ್ಲೂ ಇದು ಬಿಡುವುದಿಲ್ಲ. ಬೇಸಿಗೆಯಲ್ಲೂ ಬೆಳಗಿನ ಮೊದಲ ಸ್ಟಾರ್ಟ್ ಕಷ್ಟ ಅಂದರೆ ನೇರ ಇಲ್ಲಿಗೇ ಬನ್ನಿ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಒಂದು ರಾತ್ರಿ ಗಾಡಿಯನ್ನು ಇಳಿಜಾರಿನಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿ, ಟ್ಯಾಂಕ್ ಎತ್ತರದಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಇನ್ನೊಂದು ರಾತ್ರಿ ಮೂತಿ ಮೇಲೆ. ಮೂತಿ ಕೆಳಗಿದ್ದಾಗ ಸಲೀಸಾಗಿ ಸ್ಟಾರ್ಟ್ ಆಗಿ, ಮೇಲಿದ್ದಾಗ ಸತಾಯಿಸಿದರೆ ಡೀಸೆಲ್ ಇಳಿಯುತ್ತಿದೆ ಅನ್ನುವುದು ಖಚಿತ.

ಸಮತಟ್ಟಾದ ಜಾಗವೇ ಗತಿ ಅನ್ನುವವರು ಫಿಲ್ಟರ್ ಮೇಲಿನ ಕೈಪಂಪ್ ಬಳಸಿ. ಬೆಳಗ್ಗೆ ಸೆಲ್ಫ್ ಹೊಡೆಯುವ ಮೊದಲು ಅದನ್ನು ಒತ್ತಿ. ಒಂದೆರಡು ಸಲಕ್ಕೇ ಗಟ್ಟಿಯಾದರೆ ಪೈಪಿನಲ್ಲಿ ಡೀಸೆಲ್ ಇದೆ. ತುಂಬ ಹೊತ್ತು ಮೆತ್ತಗೇ ಇದ್ದು, ಒತ್ತೀ ಒತ್ತೀ ಆಮೇಲೆ ಗಟ್ಟಿಯಾಗಿ, ಗಾಡಿಯೂ ಕೂಡಲೇ ಸ್ಟಾರ್ಟ್ ಆದರೆ ಉತ್ತರ ಸಿಕ್ಕಿತು.

ಇನ್ನು ಗಾಳಿ ಎಲ್ಲಿಂದ ಬರುತ್ತಿದೆ ಅನ್ನುವುದು. ಪಂಪಿಗೆ ಬರುವ ಪೈಪಿನ ಕೊನೆಯಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ಹಾಕಿಸಿ. ಸ್ಟಾರ್ಟ್ ಮಾಡಿದಾಗ ಗುಳ್ಳೆ ಓಡುವುದು ಕಾಣುತ್ತದೆ. ಆಮೇಲೆ ಫಿಲ್ಟರಿಗೆ ಮೊದಲು, ಟ್ಯಾಂಕ್ ಕಡೆ, ಅದೇ ಪೈಪ್ ಹಾಕಿ ನೋಡಿ. ಫಿಲ್ಟರಿಗೆ ಮೊದಲು ಗುಳ್ಳೆ ಇಲ್ಲ, ಆಮೇಲೆ ಇದೆ ಅಂದರೆ ಫಿಲ್ಟರಿನಲ್ಲೇ ದೋಷ. ಅದರ ರಬ್ಬರ್ ಗ್ಯಾಸ್ಕೆಟ್, ಕೆಳಗಿನ ನೀರು ಬಿಡುವ ತಿರುಪು, ಕೈಪಂಪ್, ಬೋಲ್ಟಿನ ತಾಮ್ರದ ವಾಷರ್, ಇವೇ ಜಾಗಗಳು. ಫಿಲ್ಟರಿಗೆ ಮೊದಲೇ ಗುಳ್ಳೆ ಇದ್ದರೆ ಟ್ಯಾಂಕಿನಿಂದ ಬರುವ ಲೈನ್, ಕ್ಲಿಪ್ಪಿನ ಕೆಳಗೆ ಸೀಳಿದ ರಬ್ಬರ್, ತುಕ್ಕು ಹಿಡಿದ ಕಬ್ಬಿಣದ ಪೈಪ್.

ನೆನಪಿಡಿ, ಈ ಲೈನಿನಲ್ಲಿ ಪಂಪ್ ಎಳೆಯುತ್ತಿರುತ್ತದೆ, ತಳ್ಳುವುದಿಲ್ಲ. ಹಾಗಾಗಿ ಗಾಳಿ ಒಳಗೆ ಹೋಗುವ ತೂತಿನಿಂದ ಡೀಸೆಲ್ ಹೊರಗೆ ತೊಟ್ಟಿಕ್ಕಲೇಬೇಕು ಅಂತಿಲ್ಲ. "ಎಲ್ಲೂ ಲೀಕ್ ಇಲ್ಲ ಸಾರ್" ಅನ್ನುವ ಮಾತಿಗೆ ಇಲ್ಲಿ ಬೆಲೆ ಇಲ್ಲ.

ಇಂಜೆಕ್ಟರುಗಳ ತಲೆಯಿಂದ ತಲೆಗೆ ಹೋಗುವ ತೆಳು ರಿಟರ್ನ್ ಪೈಪುಗಳನ್ನು ತಪ್ಪದೇ ನೋಡಿ. ಬಟ್ಟೆ ಹೆಣಿಗೆಯ ಕಪ್ಪು ರಬ್ಬರ್, ಕಡ್ಡಿ ಗಾತ್ರದ್ದು. ಇಂಜಿನ್ ಕಾವಿಗೆ ಒಣಗಿ ಗಟ್ಟಿಯಾಗಿರುತ್ತದೆ. ಬೆರಳಲ್ಲಿ ಬಗ್ಗಿಸಿದರೆ ಸಣ್ಣ ಸಣ್ಣ ಬಿರುಕು ಬಾಯಿ ತೆರೆಯುತ್ತವೆ. ಬೆರಳಿಗೆ ಡೀಸೆಲ್ ಪಸೆ ಅಂಟುತ್ತದೆ, ಪೈಪಿನ ಬುಡದಲ್ಲಿ ಧೂಳು ನೆಂದು ಕಪ್ಪು ಕೆಸರಾಗಿರುತ್ತದೆ. ಕೊನೆಯ ಇಂಜೆಕ್ಟರಿನ ಮುಚ್ಚಳವನ್ನೂ ನೋಡಿ, ಎಷ್ಟೋ ಸಲ ಅದೇ ಬಿರುಕು ಬಿಟ್ಟಿರುತ್ತದೆ. ಇಡೀ ಪೈಪ್ ಬದಲಾಯಿಸಿದರೂ ಒಂದು ಹೊತ್ತಿನ ಊಟದ ಖರ್ಚು ಬರುವುದಿಲ್ಲ. ಡೀಸೆಲ್ ಪೈಪ್ ಅಂತಲೇ ಕೇಳಿ ತನ್ನಿ, ಪೆಟ್ರೋಲ್ ಬೈಕಿನ ಪೈಪ್ ಡೀಸೆಲ್ಲಿಗೆ ಬಾಳುವುದಿಲ್ಲ.

ಫಿಲ್ಟರ್ ಕೆಳಗಿನ ತಿರುಪು ಬಿಚ್ಚಿ ಸ್ವಲ್ಪ ಡೀಸೆಲ್ ಗಾಜಿನ ಬಾಟಲಿಗೆ ಬಿಟ್ಟುಕೊಳ್ಳಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಡ್ರಮ್ಮಿನಲ್ಲಿ, ಕ್ಯಾನಿನಲ್ಲಿ ಡೀಸೆಲ್ ತುಂಬಿಟ್ಟುಕೊಳ್ಳುವವರ ಗಾಡಿಯಲ್ಲಿ ಇದು ಜಾಸ್ತಿ. ಫಿಲ್ಟರ್ ಯಾವಾಗ ಬದಲಾಯಿಸಿದ್ದು ಅಂತ ನೆನಪಿಲ್ಲದಿದ್ದರೆ ಈಗಲೇ ಬದಲಾಯಿಸಿ.

ಸೆಲ್ಫ್ ತಿರುಗುತ್ತದೆ, ಹೊಗೆ ಇಲ್ಲ, ಏರ್ ಕೂಡ ಇಲ್ಲ. ಆಗ ಪಂಪಿನ ಮೇಲಿನ ಕಟ್-ಆಫ್ ಸೋಲೆನಾಯ್ಡ್ (ಕೀ ಆಫ್ ಮಾಡಿದಾಗ ಡೀಸೆಲ್ ನಿಲ್ಲಿಸುವ ಕರೆಂಟಿನ ವಾಲ್ವ್) ನೋಡಿ. ಕೀ ಆನ್ ಮಾಡಿದಾಗ ಟಕ್ ಅಂತ ಸಣ್ಣ ಸದ್ದು ಬರಬೇಕು. ಬರದಿದ್ದರೆ ಅದಕ್ಕೆ 12 ವೋಲ್ಟ್ ಬರುತ್ತಿದೆಯಾ ಅಂತ ಪರೀಕ್ಷಿಸಿ.

ಕಾಮನ್ ರೈಲ್ ಗಾಡಿಗಳಿಗೆ ಬೇರೆ ದಾರಿ

2007ರಲ್ಲಿ ಬಂದ ಡೀಸೆಲ್ ಸ್ವಿಫ್ಟಿನಂಥ ಗಾಡಿಗಳು ಈಗ ಹಳೇ ಗಾಡಿಗಳೇ. ಇವುಗಳಲ್ಲಿ ಎಲ್ಲ ಇಂಜೆಕ್ಟರಿಗೂ ಡೀಸೆಲ್ ಹೋಗುವುದು 'ರೈಲು' ಅನ್ನುವ ಭಾರಿ ಒತ್ತಡದ ಒಂದೇ ಪೈಪಿನಿಂದ. ಬ್ಯಾಟರಿ, ಹೀಟರ್ ಪ್ಲಗ್, ಫಿಲ್ಟರ್ ಮಾತು ಇವಕ್ಕೂ ಹೊಂದುತ್ತದೆ. ಆದರೆ ಇಂಜೆಕ್ಟರಿಗೆ ಹೋಗುವ ಕಬ್ಬಿಣದ ಪೈಪನ್ನು ಲೂಸ್ ಮಾಡಿ ಡೀಸೆಲ್ ಬರುತ್ತಿದೆಯಾ ನೋಡುವ ಹಳೇ ಪದ್ಧತಿ ಇಲ್ಲಿ ಖಂಡಿತ ಬೇಡ. ಇಂಜಿನ್ ಓಡುವಾಗ ಆ ಪೈಪಿನಲ್ಲಿ ಸಾವಿರ ಬಾರ್‌ಗಿಂತ ಜಾಸ್ತಿ ಒತ್ತಡ ಇರಬಹುದು. ಸೂಜಿಮೊನೆಯಷ್ಟು ಧಾರೆಯೂ ಚರ್ಮ ಸೀಳಿ ಒಳಗೆ ಡೀಸೆಲ್ ತುಂಬುತ್ತದೆ. ನೋವು ಕಡಿಮೆ ಇದ್ದರೂ ಕೂಡಲೇ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು, ಕೈಯೇ ಹೋಗುವ ಅಪಾಯ ಇದೆ.

ಈ ಇಂಜಿನ್ನುಗಳಲ್ಲಿ ರೈಲಿನ ಒತ್ತಡ ಸುಮಾರು 200–250 ಬಾರ್ ಮುಟ್ಟುವವರೆಗೆ ಕಂಪ್ಯೂಟರ್ ಡೀಸೆಲ್ ಚಿಮ್ಮಲು ಬಿಡುವುದಿಲ್ಲ. ಇಂಜೆಕ್ಟರ್ ಸವೆದು ರಿಟರ್ನ್ ಪೈಪಿಗೆ ಡೀಸೆಲ್ ಜಾಸ್ತಿ ಬಿಟ್ಟರೆ ಆ ಒತ್ತಡ ಬೇಗ ಏರುವುದಿಲ್ಲ. ಸ್ಕ್ಯಾನರ್ ಇರುವ ಗ್ಯಾರೇಜಿನಲ್ಲಿ ಸೆಲ್ಫ್ ಹೊಡೆಯುತ್ತಾ ರೈಲಿನ ಒತ್ತಡ ಓದಲು ಹೇಳಿ. ಏರುತ್ತಿಲ್ಲ ಅಂದರೆ ನಾಲ್ಕೂ ಇಂಜೆಕ್ಟರಿನ ರಿಟರ್ನನ್ನು ನಾಲ್ಕು ಬಾಟಲಿಗೆ ಹಿಡಿದು ಹೋಲಿಸಿ ನೋಡುವ ಪರೀಕ್ಷೆ ಇದೆ. ಯಾವ ಬಾಟಲಿ ಎಲ್ಲಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಈ ಪರೀಕ್ಷೆ ಮಾಡದೆ ನಾಲ್ಕೂ ಇಂಜೆಕ್ಟರ್ ಬದಲಾಯಿಸಲು ಒಪ್ಪಬೇಡಿ, ಅದು ಹಳೇ ಗಾಡಿಯ ಬೆಲೆಯ ದೊಡ್ಡ ಪಾಲು ನುಂಗುವ ಖರ್ಚು.

ಹಂತ 5: ನಾಜಲ್, ಟೈಮಿಂಗ್, ಕಂಪ್ರೆಷನ್

ಮೇಲಿನದ್ದೆಲ್ಲ ಸರಿ ಇದ್ದರೆ ಮಾತ್ರ ಇಲ್ಲಿಗೆ ಬನ್ನಿ. ಇವು ಮನೆಯಲ್ಲಿ ಮಾಡುವ ಕೆಲಸ ಅಲ್ಲ.

ನಾಜಲ್, ಅಂದರೆ ಇಂಜೆಕ್ಟರಿನ ತುದಿ, ಡೀಸೆಲ್ಲನ್ನು ಮಂಜಿನ ಹಾಗೆ ಚಿಮ್ಮಬೇಕು. ಸವೆದರೆ ಹನಿ ಹನಿಯಾಗಿ ಬೀಳಿಸುತ್ತದೆ. ಬೆಳಗ್ಗೆ ಇಂಜಿನ್ ಬಿಸಿಯಾಗುವವರೆಗೆ ಟಕಟಕ ಸದ್ದು, ಜೊತೆಗೆ ಹೊಗೆ ಇರುತ್ತದೆ. ಡೀಸೆಲ್ ಪಂಪ್ ಕೆಲಸ ಮಾಡುವ ಅಂಗಡಿಯಲ್ಲಿ ಟೆಸ್ಟ್ ಮಾಡಿ ಕಣ್ಣೆದುರೇ ತೋರಿಸುತ್ತಾರೆ. ಹಿಂದೆ ನಿಂತು ನೋಡಿ.

ಪಂಪ್ ಟೈಮಿಂಗ್ ತಡವಾಗಿದ್ದರೂ ಚಳಿಯಲ್ಲಿ ಬಿಳಿ ಹೊಗೆ ಬರುತ್ತದೆ. ಇತ್ತೀಚೆಗೆ ಟೈಮಿಂಗ್ ಬೆಲ್ಟ್ ಬದಲಾಯಿಸಿದ ಮೇಲೆ ಈ ತೊಂದರೆ ಶುರುವಾಗಿದ್ದರೆ ಮೊದಲು ಅದನ್ನೇ ಪರೀಕ್ಷಿಸಿ.

ಕಂಪ್ರೆಷನ್ ಕಡಿಮೆಯಾದ ಇಂಜಿನ್ ಬೇರೆ ಕಡೆಯೂ ಸುಳಿವು ಕೊಡುತ್ತದೆ. ಆಯಿಲ್ ಕುಡಿಯುತ್ತದೆ, ದಿಬ್ಬ ಹತ್ತುವಾಗ ಎಳೆಯುವುದಿಲ್ಲ. ಇಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ಮೆಲ್ಲಗೆ ಎತ್ತಿದರೆ ಬುಸುಬುಸು ಹೊಗೆ ಬರುತ್ತದೆ. ಇಷ್ಟಿದ್ದರೂ ಕಣ್ಣಂದಾಜಿನಲ್ಲಿ "ಇಂಜಿನ್ ಕೆಲಸಕ್ಕೆ ಬಂದಿದೆ" ಅನ್ನುವ ಮಾತು ಒಪ್ಪಬೇಡಿ. ಹೀಟರ್ ಪ್ಲಗ್ ತೆಗೆದ ತೂತಿಗೆ ಡೀಸೆಲ್ ಗೇಜ್ ಹಾಕಿ ನಾಲ್ಕೂ ಸಿಲಿಂಡರಿನ ಅಂಕಿ ಬರೆದುಕೊಡಲು ಹೇಳಿ. ಪೆಟ್ರೋಲ್ ಗಾಡಿಯ ಗೇಜ್ ಇದಕ್ಕೆ ಸಾಲುವುದಿಲ್ಲ. ಗಾಡಿಯ ಮ್ಯಾನ್ಯುಯಲ್ಲಿನ ಅಂಕಿಯೊಂದಿಗೆ ಹೋಲಿಸಿ, ನಾಲ್ಕರ ನಡುವಿನ ವ್ಯತ್ಯಾಸವನ್ನೂ ನೋಡಿ. ಎಷ್ಟೋ ಸಲ ವಾಲ್ವ್ ಗ್ಯಾಪ್ ಸರಿ ಮಾಡಿದರೇ ಒಂದು ಸಿಲಿಂಡರ್ ಮೇಲೆ ಏಳುತ್ತದೆ.

ಗ್ಯಾರೇಜಿಗೆ ಕೊಡುವಾಗ

ಹಿಂದಿನ ಸಂಜೆಯೇ ಗಾಡಿ ಬಿಟ್ಟು ಬನ್ನಿ. "ಅಣ್ಣಾ, ರಾತ್ರಿ ಇಲ್ಲೇ ಇರಲಿ, ಬೆಳಗ್ಗೆ ನೀವೇ ಬಂದು ಮೊದಲ ಸೆಲ್ಫ್ ಹೊಡೀರಿ, ಅಲ್ಲೀವರೆಗೂ ಯಾರೂ ಮುಟ್ಟೋದು ಬೇಡ" ಅಂತ ಹೇಳಿ. ಅದು ಆಗದಿದ್ದರೆ ಅವರನ್ನೇ ಬೆಳಗ್ಗೆ ಮನೆಗೆ ಕರೆಸಿ, ಬಂದ ಖರ್ಚು ಕೊಡಿ. ನಿಮ್ಮ ವಿಡಿಯೋ ತೋರಿಸಿ. ಬ್ಯಾಟರಿ ವೋಲ್ಟ್ ಎಷ್ಟಿತ್ತು, ಹೊಗೆ ಯಾವ ಬಣ್ಣ, ಕೈಪಂಪ್ ಮೆತ್ತಗಿತ್ತಾ ಗಟ್ಟಿಯಿತ್ತಾ, ಯಾವ ಪ್ಲಗ್ಗಿಗೆ ಬಲ್ಬ್ ಉರಿಯಲಿಲ್ಲ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಒಳ್ಳೆ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ದೋಷದ ಹತ್ತಿರ ಬರುತ್ತಾನೆ. ಬದಲಾಯಿಸಿದ ಹಳೇ ಸಾಮಾನನ್ನು ಕೇಳಿ ವಾಪಸ್ ತೆಗೆದುಕೊಳ್ಳಿ. ದುಡ್ಡು ಪೂರ್ತಿ ಕೊಡುವುದು ಗಾಡಿ ನಿಮ್ಮ ಮನೆ ಮುಂದೆ ಒಂದು ರಾತ್ರಿ ನಿಂತು, ಬೆಳಗ್ಗೆ ಸ್ಟಾರ್ಟ್ ಆದ ಮೇಲೆ ಅಂತ ಕೆಲಸ ಶುರುವಾಗುವ ಮೊದಲೇ ಮಾತಾಡಿಕೊಳ್ಳಿ.